ಒಂದು ಪದದ ಬೆನ್ನು ಹತ್ತಿ ಹೋದ ಹಾಲಪ್ಪ ಮೇಷ್ಟ್ರು

ಇಂಗ್ಲಿಷ್ ಪದದ ಮೂಲ ಹೇಳುವ ಮುಂಚೆ ಹಾಲಪ್ಪ ಮೇಷ್ಟ್ರು ಕಾಲಿನ ಚಪ್ಪಲಿ ಕಳಚಿ ಪಕ್ಕಕ್ಕಿಡುತ್ತಿದ್ದರು. ಸ್ಟೇಷನ್ನಿನ ಕಲ್ಲುಹಾಸಾಗಲಿ, ಸಂತೆ ಮಾಳವಾಗಲಿ, ನೆಲ ಬಿಸಿಲಿಗೆ ಕಾದು ಹೆಂಚಾಗಿರಲಿ, ಚಪ್ಪಲಿ ಕಳಚದೆ ಅವರ ಬಾಯಿಂದ ಮೂಲ ಹೊರಡುತ್ತಿರಲಿಲ್ಲ. ಇದೇನು ಶಾಸ್ತ್ರ ಎಂದು ನಮ್ಮ ಯಜಮಾನರು ಒಮ್ಮೆ ಕೇಳಿಯೇಬಿಟ್ಟರು. "ಹಿರೀಕರ ಹೆಸರು ಹೇಳೋವಾಗ ಚಪ್ಪಲಿ ಮೆಟ್ಕೊಂಡು ನಿಂತಿರ್ತಾರೇನ್ರೀ?" ಎಂದರಂತೆ ಮೇಷ್ಟ್ರು.

ನಾನು ಮದುವೆಯಾಗಿ ಅಜ್ಜಂಪುರಕ್ಕೆ ಬಂದಾಗ ಅವರು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಐವತ್ತರ ದಶಕ ಆಗತಾನೆ ಶುರುವಾಗಿತ್ತು. ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಪಾಠ. ಮದುವೆ ಮಾಡಿಕೊಂಡವರಲ್ಲ. ಊಟ ಹೋಟೆಲಿನಲ್ಲಿ, ಹಬ್ಬದ ದಿನ ನಮ್ಮ ಮನೆಯಲ್ಲಿ. ಕೆಂಪಗಿನ ಸಣ್ಣ ದೇಹ, ಕಾಲರು ಸವೆದ ಕೋಟು, ಕಂಡ ಗೋಡೆಯ ಮೇಲೆಲ್ಲ ಪದ ಬರೆದು ತೋರಿಸಲು ಕಿವಿಯ ಹಿಂದೆ ಸದಾ ಒಂದು ನೀಲಿ ಸೀಮೆಸುಣ್ಣದ ಚೂರು. ನಮ್ಮ ಜಗುಲಿ ಗೋಡೆಗೆ ಹಬ್ಬಕ್ಕೆಂದು ಸುಣ್ಣ ಹೊಡೆದಾಗಲೆಲ್ಲ ಅತ್ತೆ ಅವರಿಗೆ ಮೊದಲೇ ಹೇಳಿಬಿಡುತ್ತಿದ್ದರು, ಗೋಡೆ ಮೇಲೆ ಒಂದು ಗೆರೆ ಬಿದ್ದರೂ ಆ ವರ್ಷದ ಹೋಳಿಗೆ ಇಲ್ಲ ಎಂದು. ಆಮೇಲೆ ಮೇಷ್ಟ್ರು ಅಂಗಳದ ಧೂಳಿನಲ್ಲಿ ಕಡ್ಡಿಯಿಂದ ಬರೆಯತೊಡಗಿದರು. ನಾನು ಬೆಳಗ್ಗೆ ಗುಡಿಸುವಾಗ ಎಷ್ಟೋ ಪದಗಳ ವಂಶವನ್ನೇ ಗುಡಿಸಿ ಹಾಕಿದ್ದೇನೆ.

ಹೆಣ್ಣು ಕೊಡುವಾಗ ಹಿರಿಯರು ಗಂಡಿನ ಕುಲ ಕೇಳುವ ಹಾಗೆ ಅವರು ಪದಗಳನ್ನು ಕೇಳುತ್ತಿದ್ದರು. ಯಾವೂರು, ಯಾರ ಮಗ, ತಾತ ಯಾರು, ಆ ತಾತ ಅಲ್ಲಿಗೆ ಎಲ್ಲಿಂದ ಬಂದ. ಒಂದು ದಿನ ನಾನು ಜಗುಲಿಯಲ್ಲಿ ಕುಳಿತು ಸಕ್ಕರೆಯಲ್ಲಿನ ಇರುವೆ ಆರಿಸುತ್ತಿದ್ದೆ. ಮೇಷ್ಟ್ರು ಮೆಲ್ಲಗೆ ಚಪ್ಪಲಿ ಬಿಟ್ಟರು. ಇಂಗ್ಲಿಷಿನವರು ಶುಗರ್ ಅನ್ನುತ್ತಾರಲ್ಲ, ಅದು ಅವರಿಗೆ ಫ್ರೆಂಚರಿಂದ, ಫ್ರೆಂಚರಿಗೆ ಲ್ಯಾಟಿನ್ನಿನಿಂದ, ಅಲ್ಲಿಗೆ ಅರಬರ ಸುಕ್ಕರ್, ಅವರಿಗೆ ಪರ್ಶಿಯಾದ ಶಕರ್, ಅದಕ್ಕೂ ಹಿಂದೆ ನಮ್ಮ ಸಂಸ್ಕೃತದ ಶರ್ಕರ ಎಂದು ಒಂದೊಂದೇ ಮೆಟ್ಟಿಲು ಇಳಿಸಿದರು. ಶರ್ಕರ ಅಂದರೆ ಮೊದಲಿಗೆ ಮರಳು, ನೊರಜು ಕಲ್ಲು ಅಂತ ಅರ್ಥವಂತೆ. "ನಮ್ಮನೆ ಮಗಳು ಕಣಮ್ಮಾ ಇವಳು. ಊರೂರು ಅಲೆದು, ಹೆಸರು ಬದಲಾಯ್ಸ್ಕೊಂಡು, ಬೂಟು ಹಾಕ್ಕೊಂಡು ವಾಪಸ್ ಬಂದವಳೆ," ಎಂದರು.

ಒಳಗಿನಿಂದ ಅತ್ತೆ, "ಹಂಗಾದ್ರೆ ಬಾಗಿಲಲ್ಲಿ ನಿಲ್ಲಿಸ್ಕೊಂಡು ಮಾತಾಡಿಸ್ಬೇಡಿ ಮೇಷ್ಟ್ರೇ, ಒಳಕ್ಕೆ ಕಳಿಸಿ, ಕಾಫಿಗೆ ಹಾಕ್ಬೇಕು," ಎಂದರು.

ಅತ್ತೆಗೂ ಮೇಷ್ಟ್ರಿಗೂ ಹೀಗೆ ಮಾತಿಗೆ ಮಾತು ನಡೆಯುತ್ತಿತ್ತು. ಆದರೆ ಅತ್ತೆ ಊರಲ್ಲಿ ಯಾರ ಮಾತನ್ನಾದರೂ ಪೂರ್ತಿ ನಂಬುತ್ತಿದ್ದರೆ ಅದು ಅವರದನ್ನೇ. ಕಾರಣ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವರಿಗೆ ನಾಚಿಕೆ ಇರಲಿಲ್ಲ. ಮಲೇರಿಯಾ ಅನ್ನುವ ಮಾತು ನಮ್ಮ ಮಲೆಯಿಂದಲೇ ಹುಟ್ಟಿರಬೇಕು, ಲಕ್ಕವಳ್ಳಿ ಕಾಡಿನಿಂದ ತಾನೇ ಆ ಜ್ವರ ಬರೋದು ಎಂದು ಹೋಟೆಲಿನಲ್ಲಿ ಯಾರೋ ವಾದ ಹೂಡಿದ್ದರಂತೆ. ಒಪ್ಪಿಕೊಂಡಿದ್ದರೆ ಅಲ್ಲಿದ್ದವರೆಲ್ಲ ಖುಷಿಪಡುತ್ತಿದ್ದರು. ಮೇಷ್ಟ್ರು ಒಪ್ಪಲಿಲ್ಲ. "ಮುಖ ಒಂದೇ ಥರ ಇದ್ದ ಮಾತ್ರಕ್ಕೆ ನೆಂಟರಾಗಲ್ಲ ಕಣ್ರಪ್ಪಾ. ಅದು ಇಟಲಿಯೋರ ಮಾತು, ಕೆಟ್ಟ ಗಾಳಿ ಅಂತ," ಎಂದು ಎದ್ದು ಬಂದರಂತೆ.

ಆ ಜ್ವರ ನಮ್ಮ ಮನೆಗೇ ಬಂದ ವರ್ಷದ ಮಾತನ್ನು ಈಗ ಹೇಳಬೇಕು.

ಲಕ್ಕವಳ್ಳಿಯಲ್ಲಿ ಅಣೆಕಟ್ಟಿನ ಕೆಲಸ ನಡೆಯುತ್ತಿತ್ತು. ನಮ್ಮ ನಾದಿನಿಯ ಗಂಡ ಅಲ್ಲಿ ಮೇಸ್ತ್ರಿ. ಅವರ ಮನೆಯ ತೊಟ್ಟಿಲು ಶಾಸ್ತ್ರಕ್ಕೆಂದು ಹೋಗಿ ಬಂದೆವು. ಬಂದ ಮೇಲೆ ನನ್ನ ಮಗಳು ಗೌರಿಗೆ ಚಳಿಜ್ವರ ಹಿಡಿಯಿತು. ಆಗಿನ್ನೂ ಮಾತು ತೊದಲುವ ಕೂಸು. ದಿನ ಬಿಟ್ಟು ದಿನ ಮಧ್ಯಾಹ್ನದ ಹೊತ್ತಿಗೆ ಬರುತ್ತಿತ್ತು. ಮೊದಲು ಹಲ್ಲು ಕಟಕಟ ಎನ್ನುವ ನಡುಕ, ಮನೆಯ ಕಂಬಳಿಯೆಲ್ಲ ಹೊದಿಸಿದರೂ ನಿಲ್ಲದು. ಆಮೇಲೆ ಮೈ ಕಾದ ಕಾವಲಿ. ಸಂಜೆಗೆ ಬೆವರಿ ಬಿಟ್ಟುಹೋಗುತ್ತಿತ್ತು. ಬಿಟ್ಟ ದಿನ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ಆದರೆ ಒಂದೊಂದು ಸಲ ಬಂದು ಹೋದಾಗಲೂ ಮಗು ಮೊದಲಿಗಿಂತ ಹಗುರವಾಗಿರುತ್ತಿತ್ತು. ಎತ್ತಿಕೊಂಡಾಗ ನನ್ನ ತೋಳಿಗೇ ಗೊತ್ತಾಗುತ್ತಿತ್ತು.

ಅತ್ತೆ ಮೊದಲ ದಿನವೇ ಮನೆದೇವರು ರಂಗನಾಥನಿಗೆ ಹರಕೆ ಹೊತ್ತು, ಪೂಜಾರಪ್ಪನಿಂದ ಮಗುವಿನ ತೋಳಿಗೆ ಅರಿಶಿನದ ದಾರ ಕಟ್ಟಿಸಿದ್ದರು. ನಮ್ಮ ಮನೆತನದಲ್ಲಿ ಅದಕ್ಕೊಂದು ಕಟ್ಟುಪಾಡು. ದಾರ ಕಟ್ಟಿದ ಮೇಲೆ ಮೂರನೆಯ ಶನಿವಾರ ಅದನ್ನು ಬಿಚ್ಚುವವರೆಗೆ ಎಲೆ, ಬೇರು, ತೊಗಟೆ ಈ ಮೂರರ ಔಷಧ ಬಿಟ್ಟು ಬೇರೇನೂ ಹೊಟ್ಟೆಗೆ ಹೋಗಕೂಡದು. ಅತ್ತೆ ಬೇವಿನ ತೊಗಟೆ ಕುದಿಸಿದರು, ನೆಲಬೇವು ಅರೆದರು. ಜ್ವರ ಜಗ್ಗಲಿಲ್ಲ.

ಆಸ್ಪತ್ರೆಯ ಡಾಕ್ಟರು ತಮ್ಮ ಊರಿಗೆ ಹೋಗಿದ್ದರು. ಕಾಂಪೌಂಡರು ಬಂದು ಮಗುವಿನ ಕಣ್ಣಿನ ರೆಪ್ಪೆ ಎಳೆದು ನೋಡಿದವರು ನಮ್ಮ ಯಜಮಾನರನ್ನು ಹೊರಗೆ ಕರೆದರು. ಇನ್ನೊಂದು ಸಲ ಇದೇ ಜೋರಿನಲ್ಲಿ ಬಂದರೆ ಮಗು ತಡೆಯೋದು ಕಷ್ಟ, ನಾಳಿದ್ದು ಚಳಿ ಶುರುವಾಗೋ ಮುಂಚೆ ಈ ಗುಳಿಗೆ ಒಳಗೆ ಹೋಗಿರಬೇಕು ಎಂದು ಹೇಳಿ ಕ್ವಿನೈನ್ ಗುಳಿಗೆಯ ಪೊಟ್ಟಣ ಕೊಟ್ಟು ಹೋದರು. ಇದನ್ನು ಯಾತರಲ್ಲಿ ಮಾಡಿರುತ್ತಾರೆ ಎಂದು ಅತ್ತೆ ಹಿಂದೆಯೇ ಹೋಗಿ ಕೇಳಿದರು. "ಅದೆಲ್ಲ ಮೇಲಿಂದ ಬರೋ ಕಂಪನಿ ಮಾಲು ಕಣಮ್ಮಾ, ನಮಗೇನ್ ಗೊತ್ತು," ಎಂದರಂತೆ.

ಅತ್ತೆ ಪೊಟ್ಟಣವನ್ನು ಎಸೆಯಲಿಲ್ಲ. ದೇವರ ಗೂಡಿನಲ್ಲಿ ದೀಪದ ಪಕ್ಕ ಇಟ್ಟರು. ಮಗುವನ್ನು ಮಡಿಲಿಗೆ ಹಾಕಿಕೊಂಡು ಗೂಡಿನ ಎದುರೇ ಕೂತರು.

ಅವರು ಕಲ್ಲು ಮನಸ್ಸಿನವರೆಂದು ಯಾರೂ ತಿಳಿಯಬಾರದು. ನಮ್ಮ ಯಜಮಾನರಿಗೆ ಒಬ್ಬ ಅಣ್ಣನಿದ್ದನಂತೆ. ಅವನ ತೋಳಿಗೂ ಹೀಗೇ ದಾರ ಕಟ್ಟಿತ್ತಂತೆ. ಮಗು ಅಳುತ್ತದೆ ಎಂದು ಯಾರೋ ನೆಂಟರು ಪೇಟೆಯ ಸಿಹಿ ಔಷಧ ಕುಡಿಸಿದರು, ಅದೇ ವಾರ ಹುಡುಗ ಹೋದ. ಆ ಭಯ ಅತ್ತೆಯ ಎದೆಯಲ್ಲಿ ಕೂತುಬಿಟ್ಟಿತ್ತು. ಸತ್ಯ ಹೇಳುತ್ತೇನೆ, ನನಗೂ ಭಯವಿತ್ತು. ಅವರ ಕಣ್ಣು ತಪ್ಪಿಸಿ ಗುಳಿಗೆ ಕೊಡುವ ಯೋಚನೆ ಬಂದರೂ ಕೈ ಏಳುತ್ತಿರಲಿಲ್ಲ. ಕೊಡದಿದ್ದರೆ ಜ್ವರ, ಕೊಟ್ಟರೆ ದೇವರು. ನಡುವೆ ನನ್ನ ಮಗು.

ಮಾರನೆಯ ದಿನ ಜ್ವರ ಬಿಟ್ಟ ದಿನ. ಬೆಳಗ್ಗೆಯೇ ಯಜಮಾನರು ಮೇಷ್ಟ್ರ ಕೋಣೆಗೆ ಹೋದರು. ಅಮ್ಮ ನಿಮ್ಮ ಮಾತು ಕೇಳ್ತಾಳೆ, ಇದು ನಮ್ಮ ಗಿಡಮೂಲಿಕೇದೇ ಅಂತ ಒಂದು ಮಾತು ಹೇಳಿಬಿಡಿ ಎಂದು ಕೈಮುಗಿದು ಕೇಳಿದರು. ಮೇಷ್ಟ್ರು ಬಂದು ನಡುಮನೆಯ ಹೊಸ್ತಿಲಲ್ಲಿ ನಿಂತರು. ಅತ್ತೆ ತಲೆಯೆತ್ತದೆ ಹೇಳಿದರು, "ಈ ಗುಳಿಗೆ ಎಲೆ, ಬೇರು, ತೊಗಟೆ ಮೂರರಲ್ಲಿ ಯಾವುದ್ರದ್ದಾದ್ರೂ ಸರಿ ಅಂತ ಈ ದೀಪದ ಮುಂದೆ ಹೇಳಿ ಮೇಷ್ಟ್ರೇ. ಈಗ್ಲೇ ಕುಡಿಸ್ತೀನಿ."

ಅವರು ದೀಪವನ್ನು ನೋಡಿದರು. ಯಾವುದೋ ಮರದ್ದು ಅಂತ ಕೇಳಿದೀನಮ್ಮಾ, ಆದ್ರೆ ಕೇಳಿದ್ದು ಬೇರೆ, ತಿಳಿದಿದ್ದು ಬೇರೆ ಎಂದರು. ತಮ್ಮ ಹತ್ತಿರವಿರುವ ಪುಸ್ತಕದಲ್ಲಿ ಈ ಪದಕ್ಕೆ ಜ್ವರದ ಔಷಧ ಅನ್ನುವುದು ಬಿಟ್ಟು ಹೆಚ್ಚಿಗೆ ಇಲ್ಲ, ಕಡೂರಿನಲ್ಲಿ ವಕೀಲರೊಬ್ಬರ ಮನೆಯಲ್ಲಿ ದೊಡ್ಡ ನಿಘಂಟಿದೆ, ನೋಡಿಕೊಂಡು ಬರುತ್ತೇನೆ ಎಂದರು.

ಯಜಮಾನರಿಗೆ ತಡೆಯಲಾಗಲಿಲ್ಲ. ಜಗುಲಿಗೆ ಬಂದವರೇ, "ಮಗು ಸಾಯ್ತಾ ಐತೆ, ನಿಮಗೆ ಪುಸ್ತಕ ಬೇಕಾ? ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ರೀ?" ಎಂದು ಹಲ್ಲು ಕಚ್ಚಿಕೊಂಡು ಕೇಳಿದರು.

"ನನ್ನ ಗಂಟೇನೂ ಹೋಗಲ್ಲ. ನಾಳೆ ಏನಾದ್ರೂ ಆದ್ರೆ ಆಯಮ್ಮ ಯಾರ ಮಾತು ನಂಬ್ಕೊಂಡು ಬದುಕ್ತಾಳೆ?" ಎಂದು ಮೇಷ್ಟ್ರು ಕೋಟು ಹಾಕಿಕೊಂಡರು.

ಬೆಳಗಿನ ರೈಲಿಗೆ ಬೀರೂರಿಗೆ ಹೋಗಿ, ಅಲ್ಲಿಂದ ಕಡೂರು ಸೇರಿ, ಸಂಜೆ ರೈಲಿಗೆ ಬರುತ್ತೇನೆಂದು ಹೇಳಿದ್ದರು. ಆ ದಿನ ನಾನು ಒಲೆಯ ಮುಂದೆ ಏನು ಮಾಡಿದೆನೋ ನೆನಪಿಲ್ಲ. ಗೌರಿ ಎದ್ದು ಕೂತು ಗಂಜಿ ಕುಡಿದಳು, ಅಜ್ಜಿಯ ಬಳೆ ತಿರುಗಿಸುತ್ತಾ ಆಡಿದಳು. ಅದೊಂದು ದೇವರ ದಯೆ ಎಂದುಕೊಂಡೆ. ಸಂಜೆ ರೈಲು ಕೂಗಿತು. ಯಜಮಾನರು ಸ್ಟೇಷನ್ನಿಗೆ ಹೋಗಿ ಒಬ್ಬರೇ ವಾಪಸ್ಸಾದರು. ಮೇಷ್ಟ್ರು ಇಳಿದಿರಲಿಲ್ಲ. ಯಜಮಾನರು ಜಗುಲಿ ಕಂಬಕ್ಕೆ ಒರಗಿ ಕೂತರು. ಅತ್ತೆ ದೀಪಕ್ಕೆ ಎಣ್ಣೆ ಹಾಕಿದರು.

ಬೆಳಗಾಯಿತು. ಚಳಿ ಬರುವ ದಿನ. ಬಿಸಿಲು ಜಗುಲಿಯ ಮೊದಲ ಮೆಟ್ಟಿಲು ಹತ್ತಿತು, ಎರಡನೆಯದು ಹತ್ತಿತು. ಆ ಬಿಸಿಲು ಒಳಗೆ ನಡುಮನೆಯ ಕಂಬ ಮುಟ್ಟುವ ಹೊತ್ತಿಗೆ ನಡುಕ ಶುರುವಾಗುತ್ತದೆಂದು ನಮಗೆಲ್ಲ ಗೊತ್ತಿತ್ತು. ಗೌರಿ ಆಟ ಬಿಟ್ಟು ಸುಮ್ಮನೆ ಮಲಗಿದ್ದಳು. ನಾನು ಅವಳ ಉಗುರು ನೋಡುತ್ತಿದ್ದೆ. ಚಳಿಗೆ ಮುಂಚೆ ಅವು ನೀಲಿಯಾಗುತ್ತಿದ್ದವು. ಯಜಮಾನರು ಒಳಗೆ ಬಂದು ದೇವರ ಗೂಡಿನ ಮುಂದೆ ನಿಂತರು. ಕೈ ಪೊಟ್ಟಣದ ಕಡೆ ಹೋಯಿತು. ಅತ್ತೆ ಅವರ ಮುಖವನ್ನು ನೋಡಿದರು, ಅಷ್ಟೇ. ಕೈ ಹಿಂದಕ್ಕೆ ಬಂತು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ತಾಯಿ ಮಗ ಇಬ್ಬರ ನಡುವೆ ಏನಾಗುತ್ತಿತ್ತೋ ಆ ರಂಗನಾಥನೇ ಬಲ್ಲ.

ಅಷ್ಟರಲ್ಲಿ ಮೇಷ್ಟ್ರು ಬಂದರು. ಮೊಣಕಾಲಿನವರೆಗೆ ಕೆಂಪು ಧೂಳು, ಕಣ್ಣು ಒಳಗೆ ಹೋಗಿತ್ತು. ಕಡೂರಿನ ವಕೀಲರು ನಿಘಂಟನ್ನು ತರೀಕೆರೆಯ ಸ್ನೇಹಿತರಿಗೆ ಓದಲು ಕೊಟ್ಟಿದ್ದರಂತೆ. ಬಸ್ಸು ಹತ್ತಿ ತರೀಕೆರೆಗೆ ಹೋಗಿದ್ದಾರೆ. ಆ ಮನೆಯವರು ತೋಟದಿಂದ ಬರುವ ತನಕ ಗೇಟಿನಲ್ಲಿ ಕಾದಿದ್ದಾರೆ. ಅಲ್ಲಿಂದ ಅಜ್ಜಂಪುರದ ಕಡೆಗೆ ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ. ಯಾವುದೋ ಹಳ್ಳಿಯ ದೇವಸ್ಥಾನದ ಕಟ್ಟೆ ಮೇಲೆ ಮಲಗಿ, ಬೆಳಕು ಹರಿಯುವ ಮುಂಚೆ ಎದ್ದು ನಡೆದುಬಂದಿದ್ದಾರೆ. ಇದನ್ನೆಲ್ಲ ಆಮೇಲೆ ಕೇಳಿ ತಿಳಿದದ್ದು. ಆಗ ಅವರು ನೀರು ಸಹ ಕೇಳಲಿಲ್ಲ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಅತ್ತೆಯ ಎದುರು ನೆಲದ ಮೇಲೆ ಕೂತರು.

"ಕ್ವಿನೈನ್ ಅನ್ನೋದು ಇಂಗ್ಲಿಷಿನೋರು ಹೆತ್ತ ಮಾತಲ್ಲಮ್ಮಾ," ಎಂದರು. "ಅವರಿಗೆ ಬಂದಿದ್ದು ಫ್ರೆಂಚಿನೋರಿಂದ. ಫ್ರೆಂಚಿನೋರು ಸೇರಿಸಿದ್ದು ಬರೀ ಬಾಲ. ತಲೆ ಸ್ಪೇನಿನೋರದ್ದು, ಕೀನಾ ಅಂತ. ಅವರೂ ಅದನ್ನ ಹಡಗಲ್ಲಿ ಹೊತ್ಕೊಂಡು ಬಂದೋರೇ. ಭೂಮಿಯ ಆ ಕಡೆ ಪೆರು ಅಂತ ಒಂದು ದೇಶ ಐತೆ. ಅಲ್ಲಿ ಬೆಟ್ಟದ ಮೇಲೆ ನಮ್ಮಂಗೇ ಕಂಬಳಿ ಹೊದ್ದು ಬೇಸಾಯ ಮಾಡೋ ಜನ ಅವ್ರೆ. ಅವರ ಮಾತಲ್ಲಿ ಕೀನಾ ಅಂದ್ರೆ ತೊಗಟೆ. ಮರದ ತೊಗಟೆ. ಆ ತೊಗಟೆಯಿಂದ ತೆಗೆದ ಕಹೀನೇ ಈ ಗುಳಿಗೆ ಅಂತ ಪುಸ್ತಕದಲ್ಲಿ ಬರೆದೈತೆ. ನನ್ನ ಕಣ್ಣಾರೆ ಓದಿದೀನಿ."

ಯಜಮಾನರು ಆಗಲೇ ಪೊಟ್ಟಣ ಕೈಗೆ ತೆಗೆದುಕೊಂಡಿದ್ದರು. ನಾನು ಲೋಟಕ್ಕೆ ನೀರು ಬಗ್ಗಿಸಲು ಎದ್ದಿದ್ದೆ. ಆಗ ಮೇಷ್ಟ್ರು, "ತಡೀರಿ, ಇನ್ನೊಂದು ಮಾತೈತೆ," ಎಂದರು.

ಯಜಮಾನರು ಅವರ ಭುಜ ಹಿಡಿದು ಅದುಮಿದರು. ಸಾಕು ಎನ್ನುವ ಹಾಗೆ. ಮೇಷ್ಟ್ರು ನಿಲ್ಲಿಸಲಿಲ್ಲ.

"ಕೀನಾ ಅಂದ್ರೆ ತೊಗಟೆ, ಅದು ಖಂಡಿತ. ಆದ್ರೆ ಆ ಜನ ಮೊದಲು ಆ ಹೆಸರಿಟ್ಟಿದ್ದು ಇದೇ ಮರದ ತೊಗಟೆಗೋ, ಬೇರೆ ಯಾವ್ದೋ ಮರದ್ದಕ್ಕೋ ಅನ್ನೋದ್ರಲ್ಲಿ ಓದಿದೋರಿಗೇ ಅನುಮಾನ ಐತಂತೆ. ಹೆಸರು ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗಿದ್ರೂ ಹೋಗಿರಬೋದು. ಅದೂ ನಿಮ್ಗೆ ಗೊತ್ತಿರಲಿ."

ನನಗೆ ಆ ಕ್ಷಣ ಆ ಮನುಷ್ಯನ ಮೇಲೆ ಎಂಥ ಸಿಟ್ಟು ಬಂತೆಂದರೆ, ಕೈಯಲ್ಲಿದ್ದ ಲೋಟವನ್ನು ನೆಲಕ್ಕೆ ಕುಕ್ಕಿಬಿಟ್ಟೆ. ಕೂಸಿನ ಉಗುರ ತುದಿಗೆ ನೀಲಿ ಬಂದಿತ್ತೋ, ನನ್ನ ಕಣ್ಣಿಗೆ ಹಾಗೆ ಕಂಡಿತೋ.

ಅತ್ತೆ ಕೇಳಿದರು, "ಇದನ್ನ ನೀವು ಹೇಳ್ದೆ ಇದ್ದಿದ್ರೆ ನಂಗೆ ತಿಳೀತಿತ್ತಾ?"

"ಇಲ್ಲ."

"ಮತ್ಯಾಕೆ ಹೇಳಿದ್ರಿ?"

"ದೀಪ ಉರೀತಾ ಐತಲ್ಲಮ್ಮಾ."

ಅತ್ತೆ ಮಗುವನ್ನು ನನ್ನ ಮಡಿಲಿಗೆ ಕೊಟ್ಟು ಎದ್ದರು. ಮಗನ ಕೈಯಿಂದ ಪೊಟ್ಟಣ ತೆಗೆದುಕೊಂಡು ದೇವರ ಗೂಡಿಗೆ ಮುಟ್ಟಿಸಿದರು. "ಯಾವ ಮರದ್ದಾದ್ರೇನು, ತೊಗಟೆ ತೊಗಟೇನೇ. ಇಷ್ಟು ಹೇಳೋ ಮನುಷ್ಯ ಅಷ್ಟನ್ನ ಸುಳ್ಳು ಹೇಳಿರಲ್ಲ," ಎಂದು ತಮ್ಮಷ್ಟಕ್ಕೇ ಅಂದುಕೊಂಡು, ಗುಳಿಗೆಯನ್ನು ಕಲ್ಲಿನಲ್ಲಿ ಅರೆದು ತುಳಸಿ ರಸದಲ್ಲಿ ಕಲಸಿದರು. ಮೂಗು ಹಿಡಿದು ಕುಡಿಸಿದ್ದೂ ಅವರೇ. ಗೌರಿ ಕಹಿಗೆ ಅತ್ತು ಅಜ್ಜಿಯ ಕೈ ಕಚ್ಚಿದಳು. ಕಚ್ಚುವಷ್ಟು ಬಲ ಉಳಿದಿದೆಯಲ್ಲ ಎಂದು ಅತ್ತೆಯ ಕಣ್ಣಲ್ಲಿ ನೀರು ಬಂತು.

ಬಿಸಿಲು ಕಂಬ ಮುಟ್ಟಿತು. ಚಳಿ ಬಂತು. ಆದರೆ ಒಂದು ಕಂಬಳಿಗೆ ಅಡಗಿತು. ಕಾವೂ ಬೇಗ ಇಳಿಯಿತು. ಕಾಂಪೌಂಡರು ಹೇಳಿದಂತೆ ಗುಳಿಗೆ ಮುಂದುವರಿಸಿದೆವು. ಮುಂದಿನ ಸರದಿಯ ದಿನ ಬಿಸಿಲು ಕಂಬ ಮುಟ್ಟಿತು, ದಾಟಿತು, ಹಿಂದಿನ ಗೋಡೆಗೆ ಹೋಯಿತು. ಗೌರಿ ಹೊಸ್ತಿಲ ಮೇಲೆ ಕೂತು ಕಡಲೆಬೀಜ ಬಿಡಿಸುತ್ತಿದ್ದಳು. ನಾನು ಹಿತ್ತಲಿಗೆ ಹೋಗಿ ಯಾರಿಗೂ ಕಾಣದಂತೆ ಅತ್ತು ಬಂದೆ. ಬಸ್ಸು ಕೆಟ್ಟದ್ದು ನಡೆದು ಬರುವಷ್ಟು ದೂರದಲ್ಲೇ ಅನ್ನುವುದು, ಆ ದಿನ ಮಳೆ ಬಾರದಿದ್ದದ್ದು, ತರೀಕೆರೆಯವರು ಅದೇ ದಿನ ತೋಟದಿಂದ ಬಂದದ್ದು, ಇವೆಲ್ಲ ಬೇರೆಯವರಿಗೆ ಸಣ್ಣ ಸಂಗತಿ. ನನಗಲ್ಲ.

ಒಂದೆರಡು ವರ್ಷದಲ್ಲಿ ಮೇಷ್ಟ್ರಿಗೆ ತರೀಕೆರೆಗೆ ವರ್ಗವಾಯಿತು. ಹೊರಟ ದಿನ ಅತ್ತೆ ಹೋಳಿಗೆ ಕಟ್ಟಿಕೊಟ್ಟು, ಅಲ್ಲಿ ಯಾರ ಗೋಡೆಯನ್ನೂ ಹಾಳು ಮಾಡಬೇಡಿ ಎಂದು ಬುದ್ಧಿ ಹೇಳಿದರು.

ಕೊನೆಯ ಸಲ ಅವರನ್ನು ನೋಡಿದ್ದು ತರೀಕೆರೆಯ ಬಸ್ ಸ್ಟ್ಯಾಂಡಿನಲ್ಲಿ. ಅರವತ್ತರ ದಶಕ ಅರ್ಧ ಕಳೆದಿರಬೇಕು. ಗೌರಿ ಲಂಗ ದಾವಣಿಗೆ ಬಂದಿದ್ದಳು. ನಾವಿಬ್ಬರೂ ಲಕ್ಕವಳ್ಳಿಗೆ ನಾದಿನಿಯ ಮನೆಗೆ ಹೊರಟಿದ್ದೆವು. ಮೇಷ್ಟ್ರು ಅಡಕೆ ಮೂಟೆಗಳ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಪಿಂಚಣಿಯಾಗಿ, ಬೆನ್ನು ಬಾಗಿ, ಇನ್ನಷ್ಟು ಸಣ್ಣಗಾಗಿದ್ದರು. ಗೌರಿ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅವಳನ್ನು ಮೇಲಿಂದ ಕೆಳಗೆ ನೋಡಿ, "ತೊಗಟೆ ಗೌರಮ್ಮ," ಎಂದು ನಕ್ಕರು.

ಗೌರಿ ಸೋಡಾ ತರಲು ಹೋದಾಗ ನಾನು ಬಹಳ ವರ್ಷದಿಂದ ಎದೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆ ಕೇಳಿಬಿಟ್ಟೆ. ಆ ಪುಸ್ತಕದಲ್ಲಿ ತೊಗಟೆ ಅಂತ ಇಲ್ಲದೆ ಬೇರೇನಾದರೂ ಇದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದೆ.

"ತೊಗಟೆ ಅಲ್ಲ ಅಂತ್ಲೇ ಹೇಳ್ತಿದ್ದೆ ಕಣಮ್ಮಾ," ಎಂದರು.

ಸೋಡಾ ಅಂಗಡಿಯ ಮುಂದೆ ನನ್ನ ಮಗಳು ಜಡೆ ಹಿಂದಕ್ಕೆ ಎಸೆದುಕೊಂಡು ನಿಂತಿದ್ದಳು. ನಾನು ಅವಳ ಕಡೆ ತಿರುಗಿದ್ದು ನೋಡಿ ಅವರೇ ಮುಂದುವರಿದರು. "ನಡ್ಕೊಂಡು ಬರ್ತಾ ದಾರಿಯುದ್ದಕ್ಕೂ ಅದೇ ಯೋಚನೆ. ಅಲ್ಲ ಅಂತ ಇದ್ದಿದ್ರೆ ಅಲ್ಲ ಅಂತ ಹೇಳಿ, ಆಮೇಲೆ ನಿಮ್ಮತ್ತೆ ಕಾಲು ಹಿಡ್ಕೊತಿದ್ದೆ. ಕುಡಿಸೋ ತನಕ ಬಿಡ್ತಿರಲಿಲ್ಲ. ಅವರು ಒದ್ರೂ ಬಿಡ್ತಿರಲಿಲ್ಲ."

ಲಕ್ಕವಳ್ಳಿ ಬಸ್ಸು ಬಂತು. ಕಂಡಕ್ಟರು ಅವಸರ ಮಾಡಿದ. ಗೌರಿ ಸೋಡಾ ಅವರ ಕೈಗಿಟ್ಟು ಓಡಿ ಬಂದಳು. ಕಿಟಕಿಯಿಂದ ನೋಡಿದಾಗ ಅವರು ಸೋಡಾ ಕುಡಿಯದೆ ಬಾಟಲಿಯ ಮೇಲಿದ್ದ ಇಂಗ್ಲಿಷ್ ಅಕ್ಷರವನ್ನು ಕಣ್ಣಿನ ಹತ್ತಿರ ಹಿಡಿದು ಓದುತ್ತಿದ್ದರು.

ಮನೆಗೆ ಬಂದ ಮೇಲೆ ಅತ್ತೆಗೆ ಈ ಮಾತನ್ನು ಹೇಳಿದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಿ ಮೊರ ಕೆಳಗಿಟ್ಟರು. ಕುಡಿಸುತ್ತಿದ್ದೆ ಎನ್ನಲಿಲ್ಲ, ಕುಡಿಸುತ್ತಿರಲಿಲ್ಲ ಎಂದೂ ಅನ್ನಲಿಲ್ಲ. "ಅಂಥೋರ ಕೈಲಿ ಕಾಲು ಹಿಡಿಸ್ಕೊಳ್ಳೋ ಪಾಪ ತಪ್ಪಿಸ್ದ ನನ್ನಪ್ಪ ರಂಗನಾಥ," ಎಂದು ಮತ್ತೆ ಮೊರ ಎತ್ತಿಕೊಂಡರು.

ಮರುವರ್ಷ ತರೀಕೆರೆಯಿಂದ ಬಂದ ಬಸ್ಸಿನವನೊಬ್ಬ ಮೇಷ್ಟ್ರು ತೀರಿಕೊಂಡು ವಾರವಾಯಿತು ಎಂದು ಯಜಮಾನರಿಗೆ ಹೇಳಿದ. ಅವರು ನಮ್ಮ ಕುಲದವರಲ್ಲ, ನೆಂಟರಲ್ಲ, ನಮಗೆ ಸೂತಕ ಬರುವುದಿಲ್ಲ. ಸುದ್ದಿ ಕೇಳಿದ ಅತ್ತೆ ಎದ್ದು ಬಾವಿಕಟ್ಟೆಗೆ ಹೋದರು. ತಾವೇ ಒಂದು ಕೊಡ ನೀರು ಸೇದಿ, ಹೆತ್ತ ಮಗ ಹೋದಾಗ ಮಾಡುವ ಹಾಗೆ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ಸುರಿದುಕೊಂಡರು.